ತಿದ್ದಿ ಹಂಚಲು ಅಪ್ಪಣೆಯಿಲ್ಲದ ಅಂಚೆ

ಮೌಸ್ ಬೇಡದ, ಚಿತ್ರಗಳಿಲ್ಲದ ಗಣಕಯಂತ್ರಗಳು ಇಂದಿಗೂ ಉಂಟು. ಕಪ್ಪು ಪರದೆ, ಅದರ ಮೇಲೆ ಬರೀ ಅಕ್ಷರಗಳು. ಯುನಿಕ್ಸ್ ಕುಲದ ಇಂಥ ಕಿರು ವ್ಯವಸ್ಥೆಯನ್ನು ಕಟ್ಟಿಕೊಳ್ಳುವವರು ಇ-ಮೇಲ್ ಓದಲು ಯಾವ ಪ್ರೋಗ್ರಾಂ ಇಟ್ಟುಕೊಳ್ಳಬೇಕು? ಗಾತ್ರ ಚಿಕ್ಕದಿರಲಿ, ಕೀಲಿಗಳು ಸುಲಭವಿರಲಿ ಎಂಬುದು ಸಹಜ ಉತ್ತರ. ಆದರೆ ಒಂದು ಕಾಲದಲ್ಲಿ ಈ ಆಯ್ಕೆಗೆ ಅಡ್ಡ ಬಂದದ್ದು ಗಾತ್ರವಲ್ಲ, ಲೈಸೆನ್ಸ್.

ಯುನಿಕ್ಸ್‌ನ ಮೊದಲ ಆವೃತ್ತಿಯಲ್ಲೇ, ಅಂದರೆ 1971ರಲ್ಲೇ, 'ಮೇಲ್' ಎಂಬ ಆಜ್ಞೆ ಇತ್ತು. ಒಂದೇ ಯಂತ್ರವನ್ನು ಹಂಚಿಕೊಂಡವರು ಪರಸ್ಪರ ಚೀಟಿ ಬಿಡಲು ಅಷ್ಟು ಸಾಕಾಗಿತ್ತು. 1986ರಲ್ಲಿ ಡೇವ್ ಟೇಲರ್ ಅವರ 'ಎಲ್ಮ್' ಬಂತು. ಪತ್ರಗಳ ಪಟ್ಟಿ ಇಡೀ ಪರದೆಯನ್ನು ತುಂಬಿತು.

ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ 1989ರಲ್ಲಿ ಆರಂಭವಾದ 'ಪೈನ್' ಹೊಸಬರಿಗೆಂದೇ ಹುಟ್ಟಿದ್ದು. ಯಾವ ಕೀಲಿ ಒತ್ತಿದರೆ ಏನಾಗುತ್ತದೆಂದು ಪರದೆಯ ಬುಡದಲ್ಲೇ ಬರೆದಿರುತ್ತಿತ್ತು. ಭಾರತದಲ್ಲಿ 1995ರಲ್ಲಿ ವಿದೇಶ ಸಂಚಾರ ನಿಗಮವು ಇಂಟರ್‌ನೆಟ್ ಅನ್ನು ಸಾರ್ವಜನಿಕರಿಗೆ ತೆರೆದಾಗ, ಅಗ್ಗದ 'ಶೆಲ್' ಖಾತೆ ಪಡೆದ ಅನೇಕರು ಮೊದಲ ಇ-ಮೇಲ್ ಕಂಡದ್ದು ಪೈನ್‌ನಲ್ಲಿಯೇ. ಕನ್ನಡಿಗರ ಕನ್ನಡ ಆಗ ಇಂಗ್ಲಿಷ್ ಅಕ್ಷರಗಳನ್ನು ತೊಟ್ಟು ಓಡಾಡಿತು.

ತೊಡಕಿದ್ದುದು ಬೇರೆಡೆ. ಪೈನ್ ಉಚಿತ, ಅದರ ಮೂಲಸಂಕೇತವೂ ಮುಕ್ತವಾಗಿ ಸಿಗುತ್ತಿತ್ತು. ಆದರೆ ತಿದ್ದಿದ ಪ್ರತಿಯನ್ನು ತನ್ನ ಅನುಮತಿಯಿಲ್ಲದೆ ಹಂಚುವಂತಿಲ್ಲ ಎಂಬುದು ವಿಶ್ವವಿದ್ಯಾಲಯದ ನಿಲುವು. ಬಂದ ಸಾರನ್ನು ಪಕ್ಕದ ಮನೆಗೆ ಕೊಡಬಹುದು, ಉಪ್ಪು ಬೆರೆಸಿ ಕೊಡಬಾರದು ಎಂದ ಹಾಗೆ! ಸ್ವಯಂಸೇವಕರು ಕಟ್ಟುವ ಲಿನಕ್ಸ್ ವ್ಯವಸ್ಥೆಯಾದ ಡೆಬಿಯನ್‌ಗೆ, ತಿದ್ದಿ ಹಂಚುವ ಹಕ್ಕು 1997ರಲ್ಲಿ ತಾನೇ ಬರೆದುಕೊಂಡ ತತ್ತ್ವಗಳಲ್ಲೊಂದು. ಹೀಗಾಗಿ ತಾನು ತಿದ್ದಿದ ಪೈನ್ ಅನ್ನು ಸಿದ್ಧರೂಪದಲ್ಲಿ ಕೊಡಲು ಅದಕ್ಕೆ ಸಾಧ್ಯವಾಗಲಿಲ್ಲ. ಭದ್ರತೆಯ ಲೋಪವೊಂದು ಕಂಡರೆ ತನ್ನ ಯಂತ್ರದಲ್ಲಿ ಸರಿಪಡಿಸಿಕೊಂಡವನು ನೆರೆಯವನಿಗೆ ಆ ಪ್ರತಿಯನ್ನು ನೀಡುವಂತಿರಲಿಲ್ಲ. ಇದು ಸಣ್ಣ ತಕರಾರೇನಲ್ಲ.

ಪೈನ್ ಜೊತೆ ಬರುತ್ತಿದ್ದ 'ಪಿಕೊ' ಸಂಪಾದಕದ ಗತಿಯೂ ಅದೇ. ಕ್ರಿಸ್ ಅಲೆಗ್ರೆಟ್ಟಾ 1999ರಲ್ಲಿ ಅದರ ತದ್ರೂಪನ್ನು ಹೊಸದಾಗಿಯೇ ಬರೆದರು. ಇಂದು ಮನೆಮಾತಾಗಿರುವ 'ನ್ಯಾನೊ' ಅದೇ. ಇತ್ತ 1995ರಲ್ಲಿ ಮೈಕೆಲ್ ಎಲ್ಕಿನ್ಸ್ ಆರಂಭಿಸಿದ 'ಮಟ್' (ಕಂತ್ರಿನಾಯಿ ಎಂದರ್ಥ!) ಮುಕ್ತ ಲೈಸೆನ್ಸಿನದು. ಕಲಿಯಲು ಕಷ್ಟ, ಆದರೆ ತಿದ್ದಲು, ಹಂಚಲು ಅಡ್ಡಿಯಿಲ್ಲ.

ಕಡೆಗೆ ವಿಶ್ವವಿದ್ಯಾಲಯವೇ 2006ರಲ್ಲಿ 'ಆಲ್ಪೈನ್' ಎಂಬ ಉತ್ತರಾಧಿಕಾರಿಯನ್ನು ಅಪಾಚೆ ಲೈಸೆನ್ಸಿನಡಿ ಪ್ರಕಟಿಸಿತು. 2008ರಲ್ಲಿ ಅದು ಕೈಬಿಟ್ಟಾಗಲೂ ಪ್ರೋಗ್ರಾಂ ಅನಾಥವಾಗಲಿಲ್ಲ. ಎಡ್ವಾರ್ಡೊ ಚಪ್ಪಾ ಅದನ್ನು ಮುಂದುವರಿಸಿದರು.

ಈಗ ಕಿರು ವ್ಯವಸ್ಥೆಗೆ ಎರಡೂ ಲಭ್ಯ. ಬುಡದಲ್ಲಿ ಸೂಚನೆ ಬೇಕೆನ್ನುವವರಿಗೆ ಆಲ್ಪೈನ್, ಎಲ್ಲವನ್ನೂ ತಮ್ಮಿಚ್ಛೆಯಂತೆ ಹೊಂದಿಸಿಕೊಳ್ಳುವವರಿಗೆ ಮಟ್. ಕನ್ನಡದ ಒತ್ತಕ್ಷರಗಳು ಮಾತ್ರ ಸಮ ಅಗಲದ ಚೌಕಗಳಲ್ಲಿ ಅಕ್ಷರ ಕೂರಿಸುವ ಈ ಪರದೆಗಳಲ್ಲಿ ಇಂದಿಗೂ ಮುಗ್ಗರಿಸುವುದುಂಟು.