ಅಕಾರಾದಿ ಕ್ರಮವೂ ಗಣಕಯಂತ್ರವೂ



ವಚನ ಸಂಪುಟವೊಂದರ ಕೊನೆಯ ಪುಟಗಳಲ್ಲಿ ಅಕಾರಾದಿ ಸೂಚಿಯಿರುವುದನ್ನು ತಾವು ಕಂಡಿದ್ದೀರಿ. ವಚನದ ಮೊದಲ ಪದವನ್ನು ಮಾತ್ರ ಬಲ್ಲ ಓದುಗನು ಆ ಸೂಚಿಯ ಬಲದಿಂದಲೇ ಸಾವಿರಾರು ವಚನಗಳ ನಡುವೆ ತನಗೆ ಬೇಕಾದುದನ್ನು ಅರಸಿಕೊಳ್ಳುತ್ತಾನೆ. ಸೂಚಿಯ ಕ್ರಮ ತಪ್ಪಿದರೆ ವಚನವು ಗ್ರಂಥದಲ್ಲಿದ್ದೂ ಇಲ್ಲದಂತೆಯೇ ಸರಿ. ಆದುದರಿಂದ ನಮ್ಮ ಅಕ್ಷರಕ್ರಮವು ಗಣಕಯಂತ್ರವನ್ನು ಹೊಕ್ಕ ಇತಿಹಾಸವು ಅರಿಯತಕ್ಕ ವಿಷಯವಾಗಿದೆ.

ಕನ್ನಡದ ಅಕ್ಷರಗಳಿಗೆ ಕ್ರಮವೆಂಬುದು ಹೊಸದಲ್ಲ. 13ನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಅಚ್ಚಗನ್ನಡದ ಅಕ್ಷರಗಳು 47 ಎಂದು ಎಣಿಸಿದನು. ಇಂದು ಶಾಲೆಯಲ್ಲಿ ಕಲಿಯುವ ವರ್ಣಮಾಲೆಯಲ್ಲಿ ಹಕಾರದ ಅನಂತರ ಳಕಾರವು ಬಂದು ಮಾಲೆ ಮುಗಿಯುತ್ತದೆ.

ನಮ್ಮ ಸೀಮೆಯ ಮೂರು ಊರುಗಳನ್ನೇ ನೋಡೋಣ. ಇಂಗ್ಲಿಷ್ ಲಿಪಿಯಲ್ಲಿ ಜೋಡಿಸಿದರೆ ಮದ್ದೂರು, ಮಳವಳ್ಳಿ, ಮಂಡ್ಯ ಎಂದಾಗುತ್ತದೆ. ಕನ್ನಡದಲ್ಲಾದರೋ ಮಂಡ್ಯ, ಮದ್ದೂರು, ಮಳವಳ್ಳಿ ಎಂಬುದೇ ಕ್ರಮ. ಅನುಸ್ವಾರವನ್ನು ಸ್ವರಗಳೊಡನೆ ಎಣಿಸಿದರೂ, ಣಕಾರವೆಂದು ಎಣಿಸಿದರೂ ಮಂಡ್ಯವೇ ಮೊದಲು.

ಗಣಕಯಂತ್ರವು ಅಕ್ಷರವನ್ನು ಅರಿಯದು. ಅದಕ್ಕೆ ತಿಳಿದಿರುವುದು ಸಂಖ್ಯೆ ಮಾತ್ರ. 'ಬರಹ', 'ನುಡಿ' ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಸಂಖ್ಯೆಯನ್ನು ಕೊಟ್ಟದ್ದು ಧ್ವನಿಗಲ್ಲ, ಅಕ್ಷರದ ಆಕಾರಕ್ಕೆ. 'ಧರ್ಮ' ಎಂಬಲ್ಲಿ ರಕಾರವನ್ನು ಮೊದಲು ಉಚ್ಚರಿಸಿದರೂ ಅರ್ಕಾವತ್ತನ್ನು ಮಕಾರದ ಮುಂದೆ ಬರೆಯುತ್ತೇವೆ. ಯಂತ್ರದಲ್ಲಿಯೂ ಅದು ಮಕಾರದ ಅನಂತರವೇ ಸಂಗ್ರಹವಾಗುತ್ತಿತ್ತು. ಆ ಸಂಖ್ಯೆಗಳನ್ನು ಹಾಗೆಯೇ ಜೋಡಿಸಿದರೆ ರಕಾರದ ಸಾಲಿನಲ್ಲಿರಬೇಕಾದ 'ಧರ್ಮ'ವು ಮಕಾರದ ಸಾಲಿಗೆ ಸರಿಯುತ್ತಿತ್ತು.

1991ರಲ್ಲಿ ಭಾರತೀಯ ಮಾನಕ ಬ್ಯೂರೋದ ಇಸ್ಕಿ ಸಂಕೇತವೂ (ಐ.ಎಸ್. 13194), ಯೂನಿಕೋಡಿನ ಮೊದಲ ಆವೃತ್ತಿಯೂ ಪ್ರಕಟವಾದವು. ಇವು ಆಕಾರವನ್ನು ಬಿಟ್ಟು ಅಕ್ಷರಕ್ಕೇ ಸಂಖ್ಯೆಯನ್ನು ಕೊಟ್ಟವು. ಆದರೆ ಬ್ರಾಹ್ಮಿಯಿಂದ ಹುಟ್ಟಿದ ಭಾರತೀಯ ಲಿಪಿಗಳಿಗೆಲ್ಲ ಒಂದೇ ಚೌಕಟ್ಟನ್ನು ಹಾಕಿದ್ದರಿಂದ, ದೇವನಾಗರಿಯಲ್ಲಿರುವಂತೆ ಕನ್ನಡದಲ್ಲಿಯೂ ಳಕಾರವು ಲಕಾರದ ಪಕ್ಕಕ್ಕೆ ಬಂದಿತು. ಯೂನಿಕೋಡಿನಲ್ಲಿ ಲಕಾರದ ಸಂಖ್ಯೆ 3250, ಳಕಾರದ್ದು 3251, ಹಕಾರದ್ದು 3257. ಬರಿಯ ಸಂಖ್ಯೆಯನ್ನು ನಂಬಿದರೆ 'ಮಳವಳ್ಳಿ'ಯು 'ಮಸಣಯ್ಯ', 'ಮಹಾದೇವಿ' ಎಂಬ ಹೆಸರುಗಳಿಗಿಂತ ಮುಂದೆ ನಿಲ್ಲುತ್ತದೆ. ವರ್ಣಮಾಲೆಯಂತೆ ಅದು ಇವೆರಡರ ಹಿಂದೆ ಇರತಕ್ಕದ್ದು.

ಇದಕ್ಕೆ ಪರಿಹಾರವೂ ಉಂಟು. ಸಂಖ್ಯೆಯು ಸಂಗ್ರಹಕ್ಕೆ ಮಾತ್ರ, ಅದು ವಿಂಗಡಣೆಯ ಕ್ರಮವಲ್ಲ ಎಂಬುದನ್ನು ಯೂನಿಕೋಡ್ ಒಕ್ಕೂಟವೇ ಸ್ಪಷ್ಟಪಡಿಸಿದೆ. ಅದರ ವಿಂಗಡಣಾ ವಿಧಾನದಲ್ಲಿ ಪ್ರತಿ ಅಕ್ಷರಕ್ಕೂ ಸಂಖ್ಯೆಯಲ್ಲದೆ ಬೇರೊಂದು ತೂಕವಿರುತ್ತದೆ. ಪದಗಳನ್ನು ಆ ತೂಕದಿಂದ ಹೋಲಿಸಲಾಗುತ್ತದೆ. ಆಯಾ ಭಾಷೆಯ ರೂಢಿಗೆ ತಕ್ಕಂತೆ ಈ ತೂಕವನ್ನು ಹೊಂದಿಸಿಕೊಳ್ಳಲು ಅವಕಾಶವಿದೆ. ಆದುದರಿಂದ ತಂತ್ರಾಂಶ ಬರೆಯುವವರು ಸಾಮಾನ್ಯ ವಿಂಗಡಣೆಯ ಆಜ್ಞೆಯಿಂದ ತೃಪ್ತರಾಗದೆ ಕನ್ನಡದ ಕ್ರಮವನ್ನು ಸ್ಪಷ್ಟವಾಗಿ ಸೂಚಿಸಬೇಕು.

ಭಕ್ತರ ನಾಮಾವಳಿಯನ್ನೋ ಗ್ರಂಥಸೂಚಿಯನ್ನೋ ಸಿದ್ಧಪಡಿಸುವವರು ಳಕಾರದ ಪದಗಳು ಎಲ್ಲಿ ನಿಂತಿವೆಯೆಂದು ಒಮ್ಮೆ ನೋಡಿದರೆ ಸಾಕು, ಯಂತ್ರವು ಅನುಸರಿಸಿದ ಕ್ರಮ ಯಾವುದೆಂದು ತಿಳಿಯುತ್ತದೆ. ಯಂತ್ರವು ತಾನಾಗಿ ತಪ್ಪುವುದೂ ಇಲ್ಲ, ತಾನಾಗಿ ಅರಿಯುವುದೂ ಇಲ್ಲ. ಕ್ರಮವನ್ನು ಅರಿತು ಅದಕ್ಕೆ ತಿಳಿಸುವ ಹೊಣೆ ಭಾಷೆಯನ್ನು ಬಲ್ಲ ನಮ್ಮದೇ ಆಗಿದೆ.