ಪ್ರವಾಸಕಥನ ಮತ್ತು ದೇಶದ ಸಿದ್ಧಚಿತ್ರ

ಒಂದು ದೇಶದ ಜನ ಹೀಗೆಯೇ ಎಂದು ಹೊರಗಿನವರು ನಂಬಿಕೊಂಡ ಚಿತ್ರಕ್ಕೆ ಹಲವು ಸಲ ಪ್ರವಾಸಿಗರ ಬರಹವೇ ಮೂಲ. ಪ್ರವಾಸಿ ಸುಳ್ಳು ಬರೆದರೆ ಮಾತ್ರ ಇಂಥ ಚಿತ್ರ ಹುಟ್ಟುತ್ತದೆ ಎನ್ನಲಾಗದು. ಒಂದೆಡೆ ಕಂಡದ್ದನ್ನು ಅವನು ಇಡೀ ದೇಶಕ್ಕೆ ಅನ್ವಯಿಸುತ್ತಾನೆ, ಆ ದೇಶವನ್ನು ಕಾಣದ ವಿದ್ವಾಂಸರು ಅದನ್ನೇ ಪ್ರಮಾಣವಾಗಿ ಹಿಡಿಯುತ್ತಾರೆ, ಚಿತ್ರ ಗಟ್ಟಿಯಾಗುತ್ತದೆ. ಫ್ರೆಂಚ್ ವೈದ್ಯ ಫ್ರಾನ್ಸ್ವಾ ಬರ್ನಿಯೇ (1620–1688) ಭಾರತದ ಬಗ್ಗೆ ಬರೆದದ್ದು ಇದಕ್ಕೆ ಸ್ಪಷ್ಟ ನಿದರ್ಶನ.

ಶಹಜಹಾನನ ಮಕ್ಕಳ ಉತ್ತರಾಧಿಕಾರ ಯುದ್ಧದ ಕಾಲದಲ್ಲಿ ಭಾರತಕ್ಕೆ ಬಂದ ಬರ್ನಿಯೇ, ಮೊಗಲ್ ಅಮೀರ ದಾನಿಶ್ಮಂದ್ ಖಾನನ ಆಶ್ರಯದಲ್ಲಿ ವರ್ಷಗಟ್ಟಲೆ ಇದ್ದ. ದೆಹಲಿ, ಆಗ್ರಾ, ಕಾಶ್ಮೀರಗಳನ್ನು ಕಣ್ಣಾರೆ ಕಂಡ. ನೆಲವೆಲ್ಲ ಬಾದಶಹನದು, ಯಾರಿಗೂ ಸ್ವಂತ ಭೂಮಿಯಿಲ್ಲ, ಆದ್ದರಿಂದಲೇ ಹೊಲಗಳು ಹಾಳುಬಿದ್ದು ಜನ ಬಡವರಾಗಿದ್ದಾರೆ ಎಂಬುದು ಫ್ರಾನ್ಸಿನ ಮಂತ್ರಿ ಕೊಲ್ಬೇರ್‌ಗೆ ಅವನು ಬರೆದ ಪತ್ರದ ತಿರುಳು. 1670ರಿಂದ ಪ್ಯಾರಿಸ್ಸಿನಲ್ಲಿ ಅಚ್ಚಾದ ಅವನ ಬರಹಗಳು ಯುರೋಪಿನಲ್ಲೆಲ್ಲ ಹರಡಿದವು. 1748ರಲ್ಲಿ ಫ್ರೆಂಚ್ ಚಿಂತಕ ಮಾಂಟೆಸ್ಕ್ಯೂ ಏಷ್ಯದ ನಿರಂಕುಶ ಆಡಳಿತದ ಸಿದ್ಧಾಂತವನ್ನು ಕಟ್ಟಿದ್ದು ಇಂಥ ಪ್ರವಾಸಕಥನಗಳ ಆಧಾರದ ಮೇಲೆ. 1853ರಲ್ಲಿ ಕಾರ್ಲ್ ಮಾರ್ಕ್ಸ್ ಗೆಳೆಯ ಏಂಗೆಲ್ಸ್‌ಗೆ ಬರೆದ ಪತ್ರದಲ್ಲಿ ಬರ್ನಿಯೇಯ ಮಾತನ್ನೇ ಒಪ್ಪಿಕೊಂಡ. ಮಾಂಟೆಸ್ಕ್ಯೂ ಆಗಲಿ ಮಾರ್ಕ್ಸ್ ಆಗಲಿ ಭಾರತಕ್ಕೆ ಬಂದವರಲ್ಲ.

ಬರ್ನಿಯೇ ಕಂಡದ್ದರಲ್ಲಿ ಸತ್ಯವಿರಲಿಲ್ಲವೇ ಎಂದು ಕೇಳಬಹುದು. ಇತ್ತು. ಜಹಗೀರುಗಳು ಆಗಾಗ ಕೈ ಬದಲಾಗುತ್ತಿದ್ದವು. ಇರುವಷ್ಟು ದಿನದಲ್ಲಿ ರೈತನನ್ನು ಹಿಂಡುವ ಜಹಗೀರುದಾರರೂ ಇದ್ದರು. ಆದರೆ ಜಹಗೀರೆಂದರೆ ಕಂದಾಯ ಎತ್ತುವ ಹಕ್ಕೇ ಹೊರತು ನೆಲದ ಒಡೆತನವಲ್ಲ. ಬರ್ನಿಯೇ ಈ ಎರಡನ್ನೂ ಒಂದು ಮಾಡಿದ. ಭೂಮಿಯನ್ನು ಕೊಂಡು ದೇವಾಲಯಕ್ಕೆ ದತ್ತಿ ಬಿಟ್ಟದ್ದನ್ನು ಹೇಳುವ ಕನ್ನಡ ಶಾಸನಗಳು ಅವನಿಗಿಂತ ಶತಮಾನಗಳಷ್ಟು ಹಳೆಯವು. ಭಾರತದಲ್ಲಿ ವರ್ಷಗಟ್ಟಲೆ ನೆಲೆಸಿದ್ದ ಫ್ರೆಂಚ್ ವಿದ್ವಾಂಸ ಆಂಕೆತಿಲ್ ದ್ಯುಪೆರಾನ್ 1778ರಲ್ಲೇ ಇಲ್ಲಿ ಖಾಸಗಿ ಆಸ್ತಿ ಇತ್ತೆಂದು ವಾದಿಸಿದ. ಆದರೂ ನಿಂತದ್ದು ಬರ್ನಿಯೇಯ ಚಿತ್ರವೇ: ಇಡೀ ಏಷ್ಯವನ್ನು ಒಂದೇ ಸೂತ್ರದಲ್ಲಿ ವಿವರಿಸಬಯಸಿದವರಿಗೆ ಅದು ಹೆಚ್ಚು ಅನುಕೂಲವಾಗಿತ್ತು.

ಪರದೇಶಿಗಳ ಬರಹವನ್ನು ಶಂಕಿಸುತ್ತ ಹೋದರೆ ಚರಿತ್ರೆಗೆ ಆಧಾರವೇ ಉಳಿಯದು ಎಂಬ ಆಕ್ಷೇಪವೂ ತೂಕದ್ದೇ. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬರೆಯದಿದ್ದರೆ ವಿಜಯನಗರದ ಪೇಟೆಗಳ, ಮಹಾನವಮಿಯ ಎಷ್ಟೋ ವಿವರಗಳು ನಮಗೆ ತಿಳಿಯುತ್ತಿರಲಿಲ್ಲ. ಹಾಗಾಗಿ ತಳ್ಳಿಹಾಕುವುದು ಉತ್ತರವಲ್ಲ, ಬೇರ್ಪಡಿಸಿ ಓದಬೇಕು. ಪ್ರವಾಸಿ ಕಂಡ ಬೀದಿ, ಬೆಲೆ, ಹಬ್ಬಗಳು ಸಾಕ್ಷ್ಯ. ಇಡೀ ಜನಾಂಗದ ಸ್ವಭಾವದ ಬಗ್ಗೆ ಅವನು ಕೊಟ್ಟ ತೀರ್ಪು ಬರಿಯ ಅಭಿಪ್ರಾಯ. ಆ ನಾಡಿನ ಶಾಸನ, ದಾಖಲೆ, ಸಾಹಿತ್ಯಗಳೊಡನೆ ಹೋಲಿಸಿ ನೋಡದೆ ಅದನ್ನು ಚರಿತ್ರೆಯೆಂದು ಒಪ್ಪಲಾಗದು.