ಬೀಗ ಮತ್ತು ಲೆಕ್ಕ: ಬ್ರಿಟನ್ನಿನ ಕ್ಲಿನಿಕ್ಕುಗಳಲ್ಲಿ ನಿಯಂತ್ರಿತ ಔಷಧಿಗಳ ಪಾಲನೆ

ಮಾರ್ಫಿನ್, ಡೈಮಾರ್ಫಿನ್, ಪೆಥಿಡಿನ್‌ನಂಥ ಔಷಧಿಗಳನ್ನು ಕ್ಲಿನಿಕ್ಕಿನಲ್ಲಿ ಹೇಗೆ ಇಡಬೇಕು ಎಂಬ ಪ್ರಶ್ನೆಗೆ ಬ್ರಿಟನ್ನಿನ ಕಾನೂನು ಮೊದಲು ಕಂಡುಕೊಂಡ ಉತ್ತರ ಬೀಗ. 1973ರ ಸುರಕ್ಷಿತ ಪಾಲನೆಯ ನಿಯಮಗಳ ಪ್ರಕಾರ, ಇವು ವೈದ್ಯರೋ ಅವರು ಅಧಿಕಾರ ಕೊಟ್ಟವರೋ ಮಾತ್ರ ತೆರೆಯಬಲ್ಲ, ಬೀಗ ಹಾಕಿದ ಪೆಟ್ಟಿಗೆಯಲ್ಲಿರಬೇಕು. ಬೀಗ ಹಾಕಿದ ಕಾರು ಅಂಥ ಪೆಟ್ಟಿಗೆಯಾಗದು ಎಂದು ಅಲ್ಲಿನ ನ್ಯಾಯಾಲಯ 1949ರಲ್ಲೇ ಹೇಳಿತ್ತು. ಈ ಏರ್ಪಾಡೆಲ್ಲ ಹೊರಗಿನ ಕಳ್ಳನನ್ನು ನೆನೆದು ಮಾಡಿದ್ದು. ಕೀಲಿಕೈ ಹಿಡಿದವರ ಮೇಲೆ ಅದಕ್ಕೆ ಸಂಶಯವೇ ಇಲ್ಲ. ಔಷಧಿ ಎಲ್ಲಿಂದ ಬಂತು, ಯಾರಿಗೆ ಹೋಯಿತು, ಎಷ್ಟು ಉಳಿಯಿತು ಎಂಬ ಲೆಕ್ಕವನ್ನು ಇನ್ನೊಬ್ಬರು ತಾಳೆ ನೋಡದಿದ್ದರೆ ಬೀಗದಿಂದ ಹೆಚ್ಚೇನೂ ಪ್ರಯೋಜನವಿಲ್ಲ ಎಂಬುದು ಈ ಲೇಖನದ ವಾದ.

ಇದಕ್ಕೆ ಅತ್ಯಂತ ಘೋರವಾದ ಸಾಕ್ಷ್ಯ ಹೈಡ್ ಪಟ್ಟಣದ ವೈದ್ಯ ಹೆರಾಲ್ಡ್ ಶಿಪ್‌ಮನ್‌ನ ಪ್ರಕರಣ. ಪೆಥಿಡಿನ್‌ಗಾಗಿ ಸುಳ್ಳು ಚೀಟಿ ಬರೆದು 1976ರಲ್ಲೇ ದಂಡ ತೆತ್ತಿದ್ದ ಈತ, ಮುಂದೆ ತಾನು ಇಂಥ ಔಷಧಿಗಳನ್ನು ಇಟ್ಟುಕೊಳ್ಳುವುದಿಲ್ಲ ಎಂದ. ಇಟ್ಟುಕೊಳ್ಳದವನಿಗೆ ಅವುಗಳ ಲೆಕ್ಕ ಬರೆಯುವ ರಿಜಿಸ್ಟರ್ ಏಕೆ? ಅದೂ ಇರಲಿಲ್ಲ. ಆದರೆ ರೋಗಿಗಳ ಹೆಸರಿನಲ್ಲಿ ಡೈಮಾರ್ಫಿನ್ ಬರೆದು ಔಷಧಿ ಅಂಗಡಿಯಿಂದ ತಾನೇ ಒಯ್ಯುತ್ತಿದ್ದ. ತೀರಿಕೊಂಡವರ ಮನೆಯಲ್ಲಿ ಉಳಿದದ್ದನ್ನೂ ಎತ್ತಿಕೊಳ್ಳುತ್ತಿದ್ದ. ಅದರಿಂದಲೇ ರೋಗಿಗಳನ್ನು ಕೊಂದ. 2000ದಲ್ಲಿ 15 ಕೊಲೆಗಳು ನ್ಯಾಯಾಲಯದಲ್ಲಿ ಸಾಬೀತಾದವು. ನಂತರ ನ್ಯಾಯಾಧೀಶೆ ಡೇಮ್ ಜಾನೆಟ್ ಸ್ಮಿತ್ ನೇತೃತ್ವದಲ್ಲಿ ನಡೆದ ಸಾರ್ವಜನಿಕ ವಿಚಾರಣೆ ಕನಿಷ್ಠ 215 ಸಾವುಗಳನ್ನು ಅವನ ಕೃತ್ಯವೆಂದು ನಿರ್ಣಯಿಸಿತು. ಎಲ್ಲೂ ಒಂದು ಬೀಗ ಮುರಿದಿರಲಿಲ್ಲ. ಆ ವಿಚಾರಣೆಯ ನಾಲ್ಕನೆಯ ವರದಿ (2004) ಪೂರ್ತಿಯಾಗಿ ಈ ಔಷಧಿಗಳ ನಿಯಂತ್ರಣದ ಕುರಿತದ್ದೇ. 2006ರ ಆರೋಗ್ಯ ಕಾಯ್ದೆಯಡಿ ಈ ಔಷಧಿಗಳ ನಿರ್ವಹಣೆಗೆ ಉತ್ತರದಾಯಿಯಾದ ಅಧಿಕಾರಿಗಳ ನೇಮಕಕ್ಕೆ ಅದು ದಾರಿ ಮಾಡಿತು.

ಕೊಲ್ಲಲು ಹೊರಟವನನ್ನು ರಿಜಿಸ್ಟರ್ ತಡೆಯುವುದೇ ಎಂದು ಕೇಳಬಹುದು. ತಡೆಯದಿರಬಹುದು, ಆದರೆ ಬೇಗ ಬಯಲಿಗೆಳೆಯಬಲ್ಲದು: ವೈದ್ಯನ ಚೀಟಿ, ಅಂಗಡಿಯ ಪುಸ್ತಕ, ರೋಗಿಗೆ ಕೊಟ್ಟ ಪ್ರಮಾಣ, ಈ ಮೂರನ್ನೂ ಒಂದೆಡೆ ಇಟ್ಟು ನೋಡುವವರಿದ್ದಿದ್ದರೆ ವ್ಯತ್ಯಾಸ ಕಣ್ಣಿಗೆ ಬೀಳುತ್ತಿತ್ತು. ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು. ನಿಯಂತ್ರಣ ಬಿಗಿಯಾದಷ್ಟೂ ವೈದ್ಯರು ಮಾರ್ಫಿನ್ ಇಡಲು ಹೆದರುತ್ತಾರೆ. ನೋವು ತಿನ್ನುವವನು ರೋಗಿ. ಭಾರತದಲ್ಲಿ ಆದದ್ದೂ ಇದೇ: 1985ರ ಮಾದಕ ವಸ್ತುಗಳ (ಎನ್‌ಡಿಪಿಎಸ್) ಕಾಯ್ದೆಯ ನಂತರ ಲೈಸೆನ್ಸುಗಳ ಜಂಜಾಟಕ್ಕೆ ಬೇಸತ್ತು ಅನೇಕ ಆಸ್ಪತ್ರೆಗಳು ಮಾರ್ಫಿನ್ ತರಿಸುವುದನ್ನೇ ಬಿಟ್ಟವು, 2014ರ ತಿದ್ದುಪಡಿಯೇ ಬೇಕಾಯಿತು. ಆದರೆ ಅಲ್ಲಿ ಅಡ್ಡ ಬಂದದ್ದು ಕೊಳ್ಳುವ ಮುನ್ನ ಪಡೆಯಬೇಕಾದ ಅನುಮತಿ. ಬಂದ ಮೇಲೆ ಬರೆದಿಡುವ ಲೆಕ್ಕದಿಂದ ಯಾವ ರೋಗಿಯ ಔಷಧಿಯೂ ನಿಲ್ಲುವುದಿಲ್ಲ. ಕೊಳ್ಳುವುದನ್ನು ಸುಲಭಗೊಳಿಸಿ, ಲೆಕ್ಕವನ್ನು ಬಿಗಿಗೊಳಿಸಬೇಕು. ಶಿಪ್‌ಮನ್‌ನ ಎರಡು ದಶಕ ನಡೆದ ಕೃತ್ಯವನ್ನು ಕಂಡ ಬ್ರಿಟನ್ನಿನಲ್ಲಿ ಕೊನೆಯ ನಮೂದಿನಿಂದ ಕೇವಲ 2 ವರ್ಷ ರಿಜಿಸ್ಟರ್ ಕಾದಿಟ್ಟರೆ ಸಾಕೆಂಬ ನಿಯಮ ಏನೇನೂ ಸಾಲದು.